ತಾಳ್ಮೆ, ದೀರ್ಘಶಾಂತಿ, ಶಮೆದಮೆ: ಮಸ್ಕಿ–ಮುದಗಲ್ಲು ಪರಿಸರದಲ್ಲಿ ಕೋಪನಿಗ್ರಹದ ಕ್ರೈಸ್ತ ಪರಿಕಲ್ಪನೆ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ರಾಯಚೂರು ದೋಆಬ್ ಪ್ರದೇಶವನ್ನು ಚರಿತ್ರಕಾರರು ಸಾಮಾನ್ಯವಾಗಿ ಯುದ್ಧಭೂಮಿಯೆಂದೇ ಗುರುತಿಸುತ್ತಾರೆ. ವಿಜಯನಗರ ಮತ್ತು ಬಹಮನಿ ಅರಸರ ನಡುವೆ, ಆನಂತರ ವಿಜಯನಗರ ಮತ್ತು ಬಿಜಾಪುರದ ಆದಿಲಶಾಹಿಗಳ ನಡುವೆ ಈ ನೆಲವು ಎರಡು ಶತಮಾನಗಳಿಗೂ ಮಿಕ್ಕಿ ಕೈಬದಲಾಯಿಸುತ್ತ ಬಂದಿತು. 1406ರಲ್ಲಿ ಒಂದನೆಯ ದೇವರಾಯನಿಗೂ ಫಿರೋಜ್ ಶಹನಿಗೂ ನಡೆದ ಕಾಳಗಕ್ಕೆ ಮುದಗಲ್ಲಿನ ಅಕ್ಕಸಾಲಿಗನ ಮಗಳೊಬ್ಬಳು ನೆಪವಾದಳೆಂದು ಫಿರಿಶ್ತಾ ಬರೆಯುತ್ತಾನೆ. 1520ರಲ್ಲಿ ರಾಯಚೂರು ಯುದ್ಧ, 1565ರಲ್ಲಿ ರಕ್ಕಸಗಿ–ತಂಗಡಗಿ ಯುದ್ಧ ನಡೆದವು. ಕೋಪ, ಪ್ರತೀಕಾರ, ಮರುಪ್ರತೀಕಾರಗಳ ಈ ಸರಪಣಿಯ ನಡುವೆಯೇ ಕೋಪವನ್ನು ಗೆಲ್ಲುವ ಚಿಂತನೆಯ ಕುರುಹುಗಳೂ ಇದೇ ನೆಲದಲ್ಲಿ ಉಳಿದುಬಂದಿರುವುದು ಗಮನಾರ್ಹ. ಆ ಕುರುಹುಗಳಲ್ಲಿ ಕ್ರೈಸ್ತ ಪರಂಪರೆಗೆ ಸೇರಿದ ತಾಳ್ಮೆಯ ಪರಿಕಲ್ಪನೆಯು ಕನ್ನಡದ ಪದಗಳಲ್ಲಿ ಹೇಗೆ ನೆಲೆಗೊಂಡಿತು, ಅದರ ನಿಜವಾದ ಅರ್ಥವೇನು, ಅದು ಎಲ್ಲಿ ದುರ್ಬಳಕೆಗೆ ಒಳಗಾಗುತ್ತದೆ ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

1. ನೆಲದ ಹಿನ್ನೆಲೆ

ಈಚಿನವರೆಗೆ ಲಿಂಗಸುಗೂರು ತಾಲೂಕಿಗೆ ಸೇರಿದ್ದು ಈಗ ಪ್ರತ್ಯೇಕ ತಾಲೂಕು ಕೇಂದ್ರವಾಗಿರುವ ಮಸ್ಕಿಯಲ್ಲಿ 1915ರಲ್ಲಿ ಗಣಿ ಎಂಜಿನಿಯರ್ ಸಿ. ಬೀಡನ್ ಅವರು ಅಶೋಕನ ಕಿರುಬಂಡೆ ಶಾಸನವನ್ನು ಕಂಡರು. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಹೈದರಾಬಾದ್ ಪುರಾತತ್ವ ಮಾಲೆಯ ಮೊದಲ ಸಂಚಿಕೆಯಾಗಿ ಸಂಪಾದಿಸಿ ಪ್ರಕಟಿಸಿದರು. 'ದೇವಾನಾಂಪ್ರಿಯ'ನೆಂಬ ಬಿರುದಿನ ಜೊತೆಗೆ 'ಅಶೋಕ'ನೆಂಬ ಹೆಸರೂ ಇರುವುದರಿಂದ ಈ ಶಾಸನಕ್ಕೆ ಭಾರತದ ಚರಿತ್ರೆಯಲ್ಲಿ ವಿಶೇಷ ಸ್ಥಾನವಿದೆ. ಇಲ್ಲಿ ಅಶೋಕನು ತಾನು ಉಪಾಸಕನಾದುದನ್ನು, ಆನಂತರ ಸಂಘವನ್ನು ಸಮೀಪಿಸಿ ಹೆಚ್ಚಿನ ಶ್ರದ್ಧೆಯಿಂದ ಉದ್ಯುಕ್ತನಾದುದನ್ನು ತಿಳಿಸಿ, ಇಂಥ ಸಾಧನೆಯು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಸಣ್ಣವರಿಗೂ ಸಾಧ್ಯವೆಂದು ಸಾರುತ್ತಾನೆ. 'ಸಣ್ಣವರು, ದೊಡ್ಡವರು' ಎಂಬ ಈ ಜೋಡಿಯನ್ನು ಮುಂದಿನ ಚರ್ಚೆಗಾಗಿ ನೆನಪಿನಲ್ಲಿಡುವುದು ಅಗತ್ಯ.

ಮಸ್ಕಿಯ ಶಾಸನದಲ್ಲಿ ಕೋಪದ ಪ್ರಸ್ತಾಪವಿಲ್ಲ. ಆದರೆ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1989ರಲ್ಲಿ ಬೆಳಕಿಗೆ ಬಂದ ಶಿಲೆಯಲ್ಲಿ ಅಶೋಕನ ಹನ್ನೆರಡನೆಯ ಮತ್ತು ಹದಿನಾಲ್ಕನೆಯ ಬಂಡೆ ಶಾಸನಗಳ ಜೊತೆಗೆ ಎರಡು ಪ್ರತ್ಯೇಕ ಶಾಸನಗಳ ಪಾಠವೂ ದೊರೆತಿದೆ. ಧೌಲಿಯಲ್ಲಿರುವ ಮೊದಲನೆಯ ಪ್ರತ್ಯೇಕ ಶಾಸನವು ನ್ಯಾಯಾಧಿಕಾರಿಗಳನ್ನು ಉದ್ದೇಶಿಸಿದ್ದು, ಮಾತ್ಸರ್ಯ, ಮುಂಗೋಪ, ನಿಷ್ಠುರತೆ, ಆತುರ, ಆಲಸ್ಯ ಮೊದಲಾದ ದೋಷಗಳಿದ್ದವನು ನ್ಯಾಯ ನೀಡಲಾರನೆಂದು ಎಚ್ಚರಿಸುತ್ತದೆ. ಹನ್ನೆರಡನೆಯ ಬಂಡೆ ಶಾಸನವು ಅನ್ಯಮತಗಳ ವಿಷಯದಲ್ಲಿ ಮಾತಿನ ಸಂಯಮವನ್ನು ಬಯಸುತ್ತದೆ. ಈ ಶಾಸನಗಳಲ್ಲಿ ಕೋಪನಿಗ್ರಹವೆಂಬುದು ಅಧಿಕಾರವುಳ್ಳವನ ಕರ್ತವ್ಯ. ದಂಡಿಸಬಲ್ಲವನು ತಡೆದುಕೊಳ್ಳುವುದೇ ಅಲ್ಲಿನ ಸಂಯಮದ ಸಾರ.

ಇದೇ ಭಾಗದ ಆನಂತರದ ಧಾರ್ಮಿಕ ಪರಂಪರೆಗಳಲ್ಲಿಯೂ ಈ ವಿಚಾರ ಬೇರೆಬೇರೆ ರೂಪಗಳಲ್ಲಿ ಮುಂದುವರಿಯಿತು. ಜೈನರ ದಶಲಕ್ಷಣ ಧರ್ಮದಲ್ಲಿ ಉತ್ತಮ ಕ್ಷಮೆಗೆ ಮೊದಲ ಸ್ಥಾನ. ಬಸವಣ್ಣನವರು ಅಂತರಂಗಶುದ್ಧಿ ಮತ್ತು ಬಹಿರಂಗಶುದ್ಧಿಗಾಗಿ ಹೇಳಿದ ಏಳು ನಿಷೇಧಗಳಲ್ಲಿ ಮುನಿಸೂ ಒಂದು. ಅದನ್ನು ಕಳವು, ಕೊಲೆ, ಹುಸಿಗಳ ಸಾಲಿನಲ್ಲಿಯೇ ಇರಿಸಿರುವುದು ಮುಖ್ಯ ಸಂಗತಿ. ಮಾನ್ವಿಯ ಜಗನ್ನಾಥದಾಸರು ವಿದ್ವತ್ತಿನ ಗರ್ವದಿಂದ ವಿಜಯದಾಸರನ್ನು ಕಡೆಗಣಿಸಿ, ಆನಂತರ ಪಶ್ಚಾತ್ತಾಪಪಟ್ಟು ಕ್ಷಮೆ ಪಡೆದ ಐತಿಹ್ಯವು ಇಂದಿಗೂ ಈ ಭಾಗದ ಹರಿದಾಸ ಪರಂಪರೆಯಲ್ಲಿ ಜೀವಂತವಾಗಿದೆ. ಹೀಗೆ ಕ್ರೈಸ್ತ ಧರ್ಮವು ಇಲ್ಲಿಗೆ ಬಂದಾಗ ತಾಳ್ಮೆಯ ಬಗೆಗಿನ ಮಾತು ಈ ಜನರಿಗೆ ಹೊಸದಾಗಿರಲಿಲ್ಲ.

2. ಮುದಗಲ್ಲು ಮತ್ತು ಬಳ್ಳಾರಿ: ಎರಡು ದಾರಿಗಳು

ಲಿಂಗಸುಗೂರು ತಾಲೂಕಿನ ಮುದಗಲ್ಲು ಕರ್ನಾಟಕದ ಒಳನಾಡಿನ ಅತ್ಯಂತ ಹಳೆಯ ಕ್ರೈಸ್ತ ನೆಲೆಗಳಲ್ಲಿ ಒಂದು. ಇಲ್ಲಿನ ಕಥೋಲಿಕ ದೇವಾಲಯವು 1557ಕ್ಕಿಂತ ಹಿಂದೆಯೇ ಜೆಸ್ಯೂಟ್ ಪಾದ್ರಿಗಳಿಂದ ನಿರ್ಮಾಣವಾಯಿತೆಂದು ಗೆಜೆಟಿಯರುಗಳು ದಾಖಲಿಸುತ್ತವೆ. ಜೆಸ್ಯೂಟ್ ಸಂಘಕ್ಕೆ ಪೋಪರ ಮನ್ನಣೆ ದೊರೆತದ್ದು 1540ರಲ್ಲಿ. ಫ್ರಾನ್ಸಿಸ್ ಜೇವಿಯರ್ ಗೋವೆಗೆ ಬಂದದ್ದು 1542ರಲ್ಲಿ. ಇದನ್ನು ಗಮನಿಸಿದರೆ, ಆ ಸಂಘವು ಹುಟ್ಟಿದ ಎರಡು ದಶಕಗಳೊಳಗೆ ದೋಆಬಿನ ಕೋಟೆಯೂರೊಂದಕ್ಕೆ ತಲುಪಿತ್ತೆಂಬುದು ಸ್ಪಷ್ಟವಾಗುತ್ತದೆ. ತಾಳಿಕೋಟೆಯ ಯುದ್ಧಕ್ಕೆ ಇನ್ನೂ ಕೆಲವು ವರ್ಷಗಳಿದ್ದವು.

ಎರಡನೆಯ ದಾರಿ ತುಂಗಭದ್ರೆಯ ಆಚೆಯ ದಡದ್ದು. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಬಳ್ಳಾರಿಯಲ್ಲಿ ನೆಲೆಸಿ ಬೈಬಲ್ಲಿನ ಕನ್ನಡ ಅನುವಾದಕ್ಕೆ ತೊಡಗಿದರು. 1831ರ ವೇಳೆಗೆ ಇಡೀ ಬೈಬಲ್ ಕನ್ನಡದಲ್ಲಿ ಅಚ್ಚಾಗಿ ಹೊರಬಂದಿತು. ಆನಂತರ ಹಲವು ಸಲ ಪರಿಷ್ಕರಣಗೊಂಡ ಈ ಅನುವಾದ ಪರಂಪರೆಯೇ ಕನ್ನಡ ಪ್ರಾಟೆಸ್ಟೆಂಟ್ ಕ್ರೈಸ್ತರ ಧಾರ್ಮಿಕ ಭಾಷೆಯನ್ನು ರೂಪಿಸಿತು. ಕಥೋಲಿಕ ಆಡಳಿತದ ದೃಷ್ಟಿಯಿಂದಲೂ ರಾಯಚೂರು ಜಿಲ್ಲೆ 1949ರಲ್ಲಿ ಸ್ಥಾಪನೆಯಾದ ಬಳ್ಳಾರಿ ಧರ್ಮಪ್ರಾಂತಕ್ಕೆ ಸೇರಿದ್ದರಿಂದ, ಸಿಂಧನೂರು–ಲಿಂಗಸುಗೂರು ಭಾಗಕ್ಕೂ ಬಳ್ಳಾರಿಗೂ ಧಾರ್ಮಿಕ ನಂಟು ಹಳೆಯದು.

3. ಪದಗಳ ವಿಚಾರ

ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ತಾಳ್ಮೆಗೆ ಸಂಬಂಧಿಸಿದ ಪದಗಳು ಒಂದಕ್ಕಿಂತ ಹೆಚ್ಚು. 'ಹುಪೊಮೊನೆ' ಎಂದರೆ ಭಾರದ ಅಡಿಯಲ್ಲಿ ಕುಸಿಯದೆ ನಿಲ್ಲುವುದು. ಇದು ಕಷ್ಟದ ಸಂದರ್ಭಕ್ಕೆ ಸಂಬಂಧಿಸಿದ್ದು. 'ಮಕ್ರೊಥುಮಿಯ' ಎಂದರೆ ಕೋಪವನ್ನು ದೂರಕ್ಕೆ ಮುಂದೂಡುವುದು. ಇದು ಮನುಷ್ಯರಿಗೆ ಸಂಬಂಧಿಸಿದ್ದು. 'ಎಂಕ್ರಾತೆಯ' ಎಂದರೆ ತನ್ನ ಮೇಲೆ ತನಗಿರುವ ಹಿಡಿತ. ಮೊದಲನೆಯದು ಬರಗಾಲದ ಮುಂದೆ ಬೇಕಾದ ಗುಣ, ಎರಡನೆಯದು ಕೆರಳಿಸುವ ನೆರೆಯವನ ಮುಂದೆ ಬೇಕಾದ ಗುಣ, ಮೂರನೆಯದು ತನ್ನದೇ ಮನಸ್ಸಿನ ಮುಂದೆ ಬೇಕಾದ ಗುಣ.

'ಮಕ್ರೊಥುಮಿಯ' ಪದದ ಹಿಂದೆ ಹೀಬ್ರೂ ಭಾಷೆಯ ಒಂದು ನುಡಿಗಟ್ಟಿದೆ. ಕೋಪಕ್ಕೆ ನಿಧಾನಿಯಾದವನನ್ನು ಆ ಭಾಷೆಯು 'ಎರೆಖ್ ಅಪ್ಪಾಯಿಮ್', ಅಂದರೆ 'ಮೂಗು ನೀಳವಾಗಿರುವವನು' ಎಂದು ಕರೆಯುತ್ತದೆ. ಕೋಪ ಬಂದಾಗ ಉಸಿರು ಬಿರುಸಾಗಿ ಮೂಗಿನ ಹೊಳ್ಳೆ ಬಿಸಿಯಾಗುತ್ತದೆಂಬ ಅನುಭವವೇ ಇದರ ಮೂಲ. ಕನ್ನಡದ ಓದುಗನಿಗೆ ಇದು ಅಪರಿಚಿತವಲ್ಲ. ಬೇಗ ಸಿಡುಕುವವನಿಗೆ ಮೂಗಿನ ತುದಿಯಲ್ಲೇ ಸಿಟ್ಟು ಎಂಬ ಮಾತು ನಮ್ಮಲ್ಲಿದೆ. ಕೋಪದಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ ಎಂಬ ಗಾದೆಯೂ ಇದೆ. ಪರಸ್ಪರ ಸಂಬಂಧವಿಲ್ಲದ ಎರಡು ಭಾಷಾಕುಲಗಳು ಕೋಪವನ್ನು ಒಂದೇ ಅಂಗದಲ್ಲಿ ಕಂಡಿರುವುದು ಕುತೂಹಲಕರ.

ಈ ಪದವನ್ನು ಕನ್ನಡಕ್ಕೆ ತರುವಾಗ ಅನುವಾದಕರ ಮುಂದೆ ಒಂದು ತೊಡಕಿತ್ತು. 'ಮಕ್ರೊಸ್' ಎಂದರೆ ದೀರ್ಘ, 'ಥುಮೊಸ್' ಎಂದರೆ ಕೋಪಾವೇಶ. ಎರಡನ್ನೂ ಪದಶಃ ಜೋಡಿಸಿದರೆ 'ದೀರ್ಘಕೋಪ' ಎಂದಾಗುತ್ತದೆ. ಕನ್ನಡದಲ್ಲಿ ಅದರ ಅರ್ಥ ಹಗೆ, ಅಂದರೆ ಮೂಲಕ್ಕೆ ನೇರ ವಿರುದ್ಧ. ಆದ್ದರಿಂದ ಅವರು ಮೊದಲ ಭಾಗವನ್ನು ಉಳಿಸಿಕೊಂಡು ಎರಡನೆಯ ಭಾಗವನ್ನು ತಿರುಗಿಸಿ 'ದೀರ್ಘಶಾಂತಿ' ಎಂದರು. ಗ್ರೀಕ್ ಪದವು ಕೋಪ ಎಷ್ಟು ದೂರದಲ್ಲಿದೆಯೆಂದು ಹೇಳಿದರೆ ಕನ್ನಡ ಪದವು ಆ ಅಂತರದಲ್ಲಿ ಏನು ತುಂಬಿದೆಯೆಂದು ಹೇಳುತ್ತದೆ. ಇದೇ ಪದದ ರೂಪವನ್ನು ಹಳೆಯ ಒಡಂಬಡಿಕೆಯಲ್ಲಿ ದೇವರ ಗುಣವಾಗಿಯೂ ಬಳಸಿರುವುದರಿಂದ, ಮನುಷ್ಯನ ತಾಳ್ಮೆಯು ದೇವರ ತಾಳ್ಮೆಯ ಅನುಕರಣವೆಂಬ ತತ್ವವು ಪದದಲ್ಲಿಯೇ ಅಡಗಿದೆ.

ಗಲಾತ್ಯದವರಿಗೆ ಬರೆದ ಪತ್ರದಲ್ಲಿ ಪೌಲನು ಪಟ್ಟಿಮಾಡುವ ಆತ್ಮದ ಫಲಗಳಲ್ಲಿ ಕೊನೆಯದಾದ 'ಎಂಕ್ರಾತೆಯ'ಕ್ಕೆ ಹಳೆಯ ಕನ್ನಡ ಅನುವಾದವು 'ಶಮೆದಮೆ' ಎಂಬ ಪದವನ್ನು ಆರಿಸಿಕೊಂಡಿತು. ಶಮ ಮತ್ತು ದಮ ವೇದಾಂತದ ಷಟ್ಸಂಪತ್ತಿಗೆ ಸೇರಿದವು. ಉಳಿದ ನಾಲ್ಕು ಉಪರತಿ, ತಿತಿಕ್ಷೆ, ಶ್ರದ್ಧೆ ಮತ್ತು ಸಮಾಧಾನ. ಪೌಲನ ಅದೇ ಪಟ್ಟಿಯಲ್ಲಿ ಶಾಂತಿಗೆ 'ಸಮಾಧಾನ' ಎಂಬ ಪದವಿದೆ. ವೇದಾಂತದಲ್ಲಿ ಚಿತ್ತದ ಏಕಾಗ್ರತೆಯನ್ನು ಸೂಚಿಸುವ ಈ ಪದ ಕನ್ನಡದ ಆಡುಮಾತಿನಲ್ಲಿ ನೆಮ್ಮದಿಯೆಂಬ ಅರ್ಥ ಪಡೆದಿತ್ತು. ತಾಳ್ಮೆಗೆ ಅತ್ಯಂತ ಸಮೀಪದ 'ತಿತಿಕ್ಷೆ' ಮಾತ್ರ ಪಂಡಿತರ ಪದವಾಗಿದ್ದುದರಿಂದ ಬಳಕೆಗೆ ಬರಲಿಲ್ಲವೆಂದು ಊಹಿಸಬಹುದು. ಆ ಸ್ಥಾನವನ್ನು ತುಂಬಿದ್ದು ಅಚ್ಚಗನ್ನಡದ 'ತಾಳ್ಮೆ'. 'ತಾಳು' ಎಂದರೆ ಹೊರು, ಹಿಡಿದುಕೊಳ್ಳು, ನಿಲ್ಲು. 'ತಾಳಿದವನು ಬಾಳಿಯಾನು' ಎಂಬ ಗಾದೆ ಅದಕ್ಕೆ ಸಾಕ್ಷಿ. ಹೀಗೆ ಕನ್ನಡ ಕ್ರೈಸ್ತರ ಸಂಯಮದ ಪದಕೋಶವು ವೇದಾಂತ, ಸಂಸ್ಕೃತ ಮತ್ತು ದೇಸಿ ನುಡಿಗಳ ಸಂಗಮವಾಗಿದೆ.

4. ಮುಂಗಾರು ಮತ್ತು ಹಿಂಗಾರು

ಯಾಕೋಬನ ಪತ್ರದ ಐದನೆಯ ಅಧ್ಯಾಯದಲ್ಲಿ ತಾಳ್ಮೆಗೆ ಮಾದರಿಯಾಗಿ ಬರುವವನು ಒಬ್ಬ ರೈತ. ಅವನು ಮೊದಲ ಮಳೆ ಮತ್ತು ಕೊನೆಯ ಮಳೆಗಾಗಿ ಕಾದು ಫಲವನ್ನು ಪಡೆಯುತ್ತಾನೆ. ಪ್ಯಾಲೆಸ್ಟೈನಿನಲ್ಲಿ ಮೊದಲ ಮಳೆ ಅಕ್ಟೋಬರ್–ನವೆಂಬರ್ ತಿಂಗಳಲ್ಲಿ ಬಿತ್ತನೆಗೆ ನೆಲವನ್ನು ಹದಮಾಡುತ್ತದೆ; ಕೊನೆಯ ಮಳೆ ಮಾರ್ಚ್–ಏಪ್ರಿಲ್‌ನಲ್ಲಿ ತೆನೆಯನ್ನು ಬಲಿಸುತ್ತದೆ. ಎರಡೂ ಒಂದೇ ಬೆಳೆಯ ಎರಡು ತುದಿಗಳು. ಕನ್ನಡ ಅನುವಾದವು ಇವನ್ನು 'ಮುಂಗಾರು', 'ಹಿಂಗಾರು' ಎಂದು ಕರೆಯಿತು.

ಈ ಪದಗಳು ಮಸ್ಕಿ, ಲಿಂಗಸುಗೂರುಗಳ ಒಣಬೇಸಾಯದ ರೈತನ ಕಿವಿಗೆ ಬಿದ್ದಾಗ ಅರ್ಥ ಸ್ವಲ್ಪ ಬೇರೆಯಾಗುತ್ತದೆ. ಇಲ್ಲಿ ಮುಂಗಾರು ಮತ್ತು ಹಿಂಗಾರು ಎರಡು ಪ್ರತ್ಯೇಕ ಬಿತ್ತನೆಯ ಕಾಲಗಳು. ಮುಂಗಾರಿನಲ್ಲಿ ಸಜ್ಜೆ, ತೊಗರಿ. ಎರೆಭೂಮಿಯಲ್ಲಿ ಹಿಂಗಾರಿಗೆ ಬಿಳಿಜೋಳ, ಕಡಲೆ. ಮುಂಗಾರು ಕೈಕೊಟ್ಟರೂ ಎರೆಮಣ್ಣಿನಲ್ಲಿ ಉಳಿದ ತೇವವನ್ನು ನಂಬಿ ರೈತನು ಹಿಂಗಾರಿಗೆ ಹೊಲವನ್ನು ಸಿದ್ಧಪಡಿಸುತ್ತಾನೆ. ಮೂಲದಲ್ಲಿ ತಾಳ್ಮೆಯೆಂದರೆ ಆರಂಭಿಸಿದ್ದನ್ನು ಕೊನೆಯವರೆಗೆ ಕಾಯುವುದು. ಇಲ್ಲಿ ಅದಕ್ಕೆ ಸೋತ ಮೇಲೂ ಮತ್ತೆ ಬಿತ್ತುವುದು ಎಂಬ ಅರ್ಥವೂ ಸೇರುತ್ತದೆ. ಅನುವಾದದಲ್ಲಿ ಆಕಸ್ಮಿಕವಾಗಿ ಉಂಟಾದ ಈ ಅರ್ಥವಿಸ್ತಾರವನ್ನು ದೋಷವೆನ್ನುವುದಕ್ಕಿಂತ ಈ ನೆಲದ ಕೊಡುಗೆಯೆನ್ನುವುದು ಸೂಕ್ತ.

ಸಿಂಧನೂರಿನ ಸ್ಥಿತಿ ಇದಕ್ಕಿಂತ ಭಿನ್ನ. ತುಂಗಭದ್ರಾ ಎಡದಂಡೆ ಕಾಲುವೆಯಿಂದ ಅದು ಭತ್ತದ ನಾಡಾಯಿತು. ಅಲ್ಲಿನ ರೈತ ಕಾಯುವುದು ಮಳೆಯನ್ನಷ್ಟೇ ಅಲ್ಲ, ಕಾಲುವೆಯ ಸರದಿಯನ್ನು. 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಜಲಾಶಯದ 19ನೆಯ ಕ್ರೆಸ್ಟ್ ಗೇಟು ಕೊಚ್ಚಿಹೋದಾಗ ಅಚ್ಚುಕಟ್ಟು ಪ್ರದೇಶವೆಲ್ಲ ಆತಂಕಕ್ಕೆ ಒಳಗಾಯಿತು. ಮಳೆ ಬಾರದಿದ್ದರೆ ಯಾರ ಮೇಲೂ ಕೋಪಿಸುವಂತಿಲ್ಲ. ಮೇಲಿನ ಹೊಲಕ್ಕೆ ಹರಿದ ನೀರು ಕೊನೆಯ ಹೊಲಕ್ಕೆ ಬಾರದಿದ್ದರೆ ಕೋಪಕ್ಕೆ ಒಂದು ಮುಖವಿರುತ್ತದೆ. ಮೇಲೆ ಹೇಳಿದ ಗ್ರೀಕ್ ಪದಗಳ ಭೇದವು ಇಲ್ಲಿ ಸ್ಪಷ್ಟವಾಗುತ್ತದೆ: ಒಣಭೂಮಿಗೆ ಬೇಕಾದುದು 'ಹುಪೊಮೊನೆ', ಕಾಲುವೆಯ ಕೊನೆಗೆ ಬೇಕಾದುದು 'ಮಕ್ರೊಥುಮಿಯ'.

5. ಸಾಧನೆಯ ಕ್ರಮ

ಕ್ರೈಸ್ತ ಪರಂಪರೆಯು ತಾಳ್ಮೆಯನ್ನು ಹುಟ್ಟುಗುಣವೆಂದು ಎಣಿಸಲಿಲ್ಲ. ಸುಮಾರು ಕ್ರಿ.ಶ. 200ರಲ್ಲಿ ತಾಳ್ಮೆಯನ್ನು ಕುರಿತೇ ಒಂದು ಪ್ರಬಂಧ ಬರೆದ ತೆರ್ತುಲ್ಲಿಯನ್, ತನಗೆ ಆ ಗುಣವಿಲ್ಲವೆಂದೂ ರೋಗಿಯು ಆರೋಗ್ಯದ ಬಗ್ಗೆ ಮಾತಾಡುವಂತೆ ತಾನು ಮಾತಾಡುತ್ತಿರುವೆನೆಂದೂ ಒಪ್ಪಿಕೊಂಡನು. ನಾಲ್ಕನೆಯ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯ ಸನ್ಯಾಸಿ ಇವಾಗ್ರಿಯಸ್, ಸಾಧಕನನ್ನು ಕಾಡುವ ಎಂಟು ದುರಾಲೋಚನೆಗಳಲ್ಲಿ ಕೋಪವನ್ನೂ ಸೇರಿಸಿದನು. ಅವನ ನಂತರದ ಜಾನ್ ಕ್ಯಾಸಿಯನ್ ಒಂದು ಸೂಕ್ಷ್ಮವನ್ನು ಗುರುತಿಸಿದನು: ಕೋಪಿಷ್ಠನು ಜನರಿಂದ ದೂರ ಹೋದರೆ ಕೋಪ ಹೋಗುವುದಿಲ್ಲ, ಏಕಾಂತದಲ್ಲಿ ಅವನು ಬರೆಯದ ಲೇಖನಿಯ ಮೇಲೆ, ಕಿಡಿ ಹಾರಿಸದ ಚಕಮಕಿಕಲ್ಲಿನ ಮೇಲೆ ಸಿಟ್ಟಾಗುತ್ತಾನೆ. ಆದ್ದರಿಂದ ಕೋಪದ ಕಾರಣವನ್ನು ಹೊರಗೆ ಹುಡುಕುವುದು ವ್ಯರ್ಥ. ಹದಿಮೂರನೆಯ ಶತಮಾನದ ತೋಮಸ್ ಅಕ್ವಿನಾಸ್ ತಾಳ್ಮೆಯನ್ನು ಧೈರ್ಯದ ಅಂಗವಾಗಿಯೂ ಸೌಮ್ಯತೆಯನ್ನು ಸಂಯಮದ ಅಂಗವಾಗಿಯೂ ವಿಂಗಡಿಸಿದನು. ತಾಳ್ಮೆಯು ಧೈರ್ಯದ ಕುಲಕ್ಕೆ ಸೇರಿದ್ದೆಂಬ ಈ ನಿರ್ಣಯವು ಅದನ್ನು ಅಂಜುಬುರುಕತನದಿಂದ ಬೇರ್ಪಡಿಸುತ್ತದೆ.

ಆಚರಣೆಯ ದೃಷ್ಟಿಯಿಂದ ಜೆಸ್ಯೂಟರ ಸ್ಥಾಪಕ ಇಗ್ನೇಷಿಯಸ್ ಲೊಯೋಲಾ ರೂಪಿಸಿದ ವಿಧಾನವು ಸರಳವಾದುದು. 1548ರಲ್ಲಿ ಅಚ್ಚಾದ ಅವನ ಕೈಪಿಡಿಯ ಪ್ರಕಾರ ಸಾಧಕನು ತನ್ನ ಒಂದೇ ದೋಷವನ್ನು ಆರಿಸಿಕೊಳ್ಳಬೇಕು; ಬೆಳಿಗ್ಗೆ ಎದ್ದಾಗ ಅದರ ವಿರುದ್ಧ ಎಚ್ಚರ ತಂದುಕೊಳ್ಳಬೇಕು; ತಪ್ಪಿದಾಗಲೆಲ್ಲ ಎದೆಯ ಮೇಲೆ ಕೈಯಿಟ್ಟು ವಿಷಾದಿಸಬೇಕು; ದಿನಕ್ಕೆರಡು ಸಲ ಲೆಕ್ಕ ನೋಡಿ, ಗೆರೆಯ ಮೇಲೆ ತಪ್ಪಿಗೊಂದರಂತೆ ಚುಕ್ಕಿಯಿಟ್ಟು, ಇಂದಿನ ಚುಕ್ಕಿಗಳನ್ನು ನಿನ್ನೆಯವುಗಳ ಜೊತೆ ಹೋಲಿಸಬೇಕು. ಕೋಪವನ್ನು ಒಮ್ಮೆಲೇ ಗೆಲ್ಲುವ ಶಪಥ ಇಲ್ಲಿಲ್ಲ, ಕಡಿಮೆಯಾಗುವ ಚುಕ್ಕಿಗಳಿವೆ. ಇದರೊಡನೆ ಪಾಪನಿವೇದನೆ, ತಪಸ್ಸುಕಾಲದ ಉಪವಾಸ, ಶಿಲುಬೆಯ ಹಾದಿಯ ಧ್ಯಾನ ಇವು ಕಥೋಲಿಕರ ಸಾಮೂಹಿಕ ಸಾಧನಗಳು. ಬಲಿಪೂಜೆಯಲ್ಲಿ ಪ್ರಸಾದ ಸ್ವೀಕಾರಕ್ಕೆ ಮುನ್ನ ಪರಸ್ಪರ ಶಾಂತಿ ಕೋರುವ ವಿಧಿಯಿದೆ. ಸಹೋದರನಿಗೆ ತನ್ನ ಮೇಲೆ ಅಸಮಾಧಾನವಿರುವುದು ನೆನಪಾದರೆ ಕಾಣಿಕೆಯನ್ನು ಪೀಠದ ಮುಂದೆಯೇ ಬಿಟ್ಟು ಮೊದಲು ಹೋಗಿ ರಾಜಿಯಾಗಬೇಕೆಂಬ ಕ್ರಿಸ್ತನ ಉಪದೇಶವೇ ಇಂಥ ವಿಧಿಗಳ ಹಿಂದಿನ ತತ್ವ. ದೇವರಿಗೆ ಸಲ್ಲಬೇಕಾದುದನ್ನೂ ತಡೆದು ನಿಲ್ಲಿಸುವಷ್ಟು ಮಹತ್ವ ಇಲ್ಲಿ ರಾಜಿಗೆ ದೊರೆತಿದೆ.

6. ತಾಳ್ಮೆಯ ಮಿತಿ

ತಾಳ್ಮೆಯ ಉಪದೇಶಕ್ಕೆ ಒಂದು ಅಪಾಯವೂ ಇದೆ. ಅದನ್ನು ಬಲವುಳ್ಳವರು ಬಲವಿಲ್ಲದವರಿಗೆ ಬೋಧಿಸಿದಾಗ ಅದು ಗುಣವಾಗಿ ಉಳಿಯದೆ ಕಟ್ಟಳೆಯಾಗುತ್ತದೆ. ಕೂಲಿಯನ್ನೇ ನಂಬಿದ ದಲಿತ ಕ್ರೈಸ್ತ ಕುಟುಂಬಗಳಿಗೆ ಇದು ದೂರದ ಪ್ರಶ್ನೆಯಲ್ಲ. 1950ರ ರಾಷ್ಟ್ರಪತಿಗಳ ಆದೇಶದಂತೆ ಪರಿಶಿಷ್ಟ ಜಾತಿಯ ಮಾನ್ಯತೆ ಹಿಂದೂಗಳಿಗೆ ಸೀಮಿತವಾಗಿತ್ತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಅದಕ್ಕೆ ಸೇರಿಸಲಾಯಿತು. ಕ್ರೈಸ್ತರಾದ ದಲಿತರು ಅದರ ಹೊರಗೇ ಉಳಿದರು. ಈ ಪ್ರಶ್ನೆಯನ್ನು ಪರಿಶೀಲಿಸಲು 2022ರಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಅಧ್ಯಕ್ಷತೆಯಲ್ಲಿ ಆಯೋಗವೊಂದನ್ನು ನೇಮಿಸಲಾಯಿತು. ಇಷ್ಟು ದೀರ್ಘಕಾಲ ಕಾದವರಿಗೆ ಇನ್ನಷ್ಟು ತಾಳಿರೆಂದು ಹೇಳುವುದು ಧರ್ಮವೇ ಎಂಬ ಪ್ರಶ್ನೆ ಸಹಜ.

ಇದಕ್ಕೆ ಉತ್ತರವು ಯಾಕೋಬನ ಪತ್ರದ ರಚನೆಯಲ್ಲಿಯೇ ಇದೆ. ರೈತನ ತಾಳ್ಮೆಯ ಮಾತು ಬರುವುದು ಐದನೆಯ ಅಧ್ಯಾಯದ ಏಳನೆಯ ವಚನದಲ್ಲಿ. ಅದಕ್ಕೆ ಹಿಂದಿನ ಆರು ವಚನಗಳು ಹೊಲ ಕೊಯ್ದ ಆಳುಗಳ ಕೂಲಿಯನ್ನು ತಡೆಹಿಡಿದ ಧನಿಕರನ್ನು ಕಟುವಾಗಿ ಖಂಡಿಸುತ್ತವೆ. ಆ ಕೂಲಿಕಾರರ ಮೊರೆ ದೇವರ ಕಿವಿಗೆ ಮುಟ್ಟಿದೆಯೆಂದು ಸಾರುತ್ತವೆ. ಅಂದರೆ ಅನ್ಯಾಯವನ್ನು ಹೆಸರಿಸಿದ ಮೇಲೆಯೇ ತಾಳ್ಮೆಯ ಉಪದೇಶ ಬರುತ್ತದೆ. ತಾಳ್ಮೆಯೆಂದರೆ ಮೊರೆಯಿಡದಿರುವುದಲ್ಲ, ಮೊರೆಯಿಡುವಾಗಲೂ ಹಗೆಯ ಕೈಗೆ ತನ್ನನ್ನು ಒಪ್ಪಿಸಿಕೊಳ್ಳದಿರುವುದು. ಏಳನೆಯ ವಚನವನ್ನು ಮಾತ್ರ ಓದಿ ಮೊದಲ ಆರನ್ನು ಬಿಟ್ಟರೆ ಉಪದೇಶದ ಅರ್ಧವೇ ಕಳೆದುಹೋಗುತ್ತದೆ. ಕ್ರಿಸ್ತನು ದೇವಾಲಯದ ವ್ಯಾಪಾರಿಗಳ ಮೇಜುಗಳನ್ನು ಕೆಡವಿದ ಪ್ರಸಂಗವನ್ನೂ ಇಲ್ಲಿ ನೆನೆಯಬಹುದು. ಅಕ್ವಿನಾಸನೂ ಕೋಪವೇ ಇಲ್ಲದಿರುವುದನ್ನು ಗುಣವೆಂದು ಒಪ್ಪಲಿಲ್ಲ. ಕಾರಣವಿದ್ದಾಗ ವಿವೇಕಕ್ಕೆ ಅಧೀನವಾದ ಕೋಪವು ಬಾರದಿದ್ದರೆ ಅದೂ ಕೊರತೆಯೇ ಎಂದನು. ಎಫೆಸದವರಿಗೆ ಬರೆದ ಪತ್ರವು ಕೋಪವನ್ನು ಪೂರ್ತಿಯಾಗಿ ನಿಷೇಧಿಸದೆ ಸೂರ್ಯಾಸ್ತದ ಗಡುವನ್ನು ಹಾಕುತ್ತದೆ.

ಅಶೋಕನ ಶಾಸನಗಳೊಡನೆ ಹೋಲಿಸಿದಾಗ ಈ ವಿಚಾರ ಇನ್ನಷ್ಟು ಸ್ಪಷ್ಟವಾಗುತ್ತದೆ. ಅಶೋಕನ ಸಂಯಮ ಗೆದ್ದವನ ಸಂಯಮ. ಕಳಿಂಗದ ರಕ್ತಪಾತದ ನಂತರ ಬಂದದ್ದು. ಹದಿಮೂರನೆಯ ಬಂಡೆ ಶಾಸನದಲ್ಲಿ ಅವನು ಅಪರಾಧಿಯನ್ನು ಸಾಧ್ಯವಿದ್ದಷ್ಟು ಕ್ಷಮಿಸಬೇಕೆನ್ನುತ್ತಲೇ ಕಾಡಿನ ಜನರಿಗೆ ತನ್ನ ಬಲವನ್ನೂ ನೆನಪಿಸುತ್ತಾನೆ. ಆದಿಕ್ರೈಸ್ತರ ತಾಳ್ಮೆ ಅಧಿಕಾರವಿಲ್ಲದವರ ತಾಳ್ಮೆ. ಕಾರ್ಥೇಜಿನ ಬಿಷಪ್ ಸಿಪ್ರಿಯನ್ 256ರಲ್ಲಿ ತಾಳ್ಮೆಯ ಬಗ್ಗೆ ಬರೆದಾಗ ಒಂದು ಹಿಂಸಾಕಾಂಡ ಮುಗಿದು ಇನ್ನೊಂದು ಬರಲಿತ್ತು. 258ರಲ್ಲಿ ಅವನೇ ಹುತಾತ್ಮನಾದನು. ಒಂದು ಸಿಂಹಾಸನದಿಂದ ಕೆಳಮುಖವಾಗಿ, ಇನ್ನೊಂದು ಸೆರೆಮನೆಯಿಂದ ಮೇಲ್ಮುಖವಾಗಿ ನುಡಿದ ಮಾತು. ಎರಡೂ ಸೇರಿದಾಗ ಮಾತ್ರ ಸಮಾಜದಲ್ಲಿ ಕೋಪನಿಗ್ರಹವು ನ್ಯಾಯದ ರೂಪ ತಾಳುತ್ತದೆ.

7. ಸಮಾರೋಪ

ಮಸ್ಕಿಯ ಬಂಡೆ, ಮುದಗಲ್ಲಿನ ಇಗರ್ಜಿ, ಸಿಂಧನೂರಿನ ಕಾಲುವೆ ಇವು ಒಂದು ದಿನದ ಪ್ರಯಾಣದಲ್ಲಿ ಕಾಣಸಿಗುವ ಮೂರು ನೆಲೆಗಳು. ಕ್ರೈಸ್ತ ತಾಳ್ಮೆಯ ಪರಿಕಲ್ಪನೆಯು ಹೀಬ್ರೂ, ಗ್ರೀಕ್, ಲ್ಯಾಟಿನ್ ಮೂಲಗಳಿಂದ ಹೊರಟು ಇಲ್ಲಿಗೆ ಬಂದಾಗ ವೇದಾಂತದ ಶಮದಮಗಳನ್ನೂ ಜನರ ಆಡುನುಡಿಯ ತಾಳ್ಮೆಯನ್ನೂ ರೈತನ ಮುಂಗಾರು ಹಿಂಗಾರುಗಳನ್ನೂ ತನ್ನದಾಗಿಸಿಕೊಂಡಿತು. ಅದರ ಸಾರವನ್ನು ಮೂರು ಮಾತುಗಳಲ್ಲಿ ಸಂಗ್ರಹಿಸಬಹುದು: ತಾಳ್ಮೆ ಸ್ವಭಾವವಲ್ಲ, ಸಾಧನೆ, ಅದು ದೌರ್ಬಲ್ಯವಲ್ಲ, ಧೈರ್ಯದ ಒಂದು ರೂಪ, ಅದು ಅನ್ಯಾಯದ ಒಪ್ಪಿಗೆಯಲ್ಲ, ಅನ್ಯಾಯದ ಎದುರಿನಲ್ಲಿಯೂ ದ್ವೇಷಕ್ಕೆ ಎಡೆಗೊಡದ ನಿಲುವು.

ಸಾಧನೆಯು ಸಣ್ಣವರಿಗೂ ದೊಡ್ಡವರಿಗೂ ಸಮಾನವಾಗಿ ಸಾಧ್ಯವೆಂದು ಮಸ್ಕಿಯ ಬಂಡೆ ಹೇಳುತ್ತದೆ. ಸಾಧ್ಯತೆ ಸಮಾನವಾದರೆ ಹೊಣೆಯೂ ಸಮಾನ. ಕೂಲಿಕಾರನಿಂದ ತಾಳ್ಮೆಯನ್ನು ಬಯಸುವ ಸಮಾಜವು ಕೂಲಿ ಕೊಡುವವನಿಂದ, ತೀರ್ಪು ನೀಡುವವನಿಂದ, ನೀರು ಹಂಚುವವನಿಂದ ಮೊದಲು ಸಂಯಮವನ್ನು ಬಯಸಬೇಕು. ಯಾಕೋಬನ ಪತ್ರದ ಅನುಕ್ರಮವೂ ಇದೇ.